ಗಾಡ್‌ಫಾದರ್‌ನ ಐದು ಕುಟುಂಬಗಳು: ಯಾರ ಬೆನ್ನಿಗೆ ಯಾರಿದ್ದರು? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ನೋಡಿ ತಲೆ ಕೆರೆದುಕೊಂಡವರು, ಕಾದಂಬರಿ ಅರ್ಧಕ್ಕೆ ಬಿಟ್ಟವರು, ಐದನೇ ಸಲ ನೋಡುವಾಗ ಹೊಸ ಸಂಶಯ ಬಂದವರು ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇವೆ. ಸುಲಭದವು ಮೊದಲು, ಸಿಕ್ಕಿನವು ಆಮೇಲೆ. ಕಥೆಯ ಗುಟ್ಟುಗಳೆಲ್ಲ ಇದರಲ್ಲಿ ಬಯಲಾಗುತ್ತವೆ, ಹಾಗಾಗಿ ಇನ್ನೂ ನೋಡದವರು ನೋಡಿ ಬಂದು ಓದುವುದು ಒಳ್ಳೆಯದು. ಬರೀ ‘ಕಾದಂಬರಿ’ ಎಂದಿದ್ದರೆ ಮಾರಿಯೋ ಪೂಜೊ ಬರೆದ 1969ರ ಪುಸ್ತಕ, ಬರೀ ‘ಸಿನಿಮಾ’ ಎಂದಿದ್ದರೆ ಫ್ರಾನ್ಸಿಸ್ ಫೋರ್ಡ್ ಕಪೋಲಾ ನಿರ್ದೇಶಿಸಿದ 1972ರ ಮೊದಲ ಭಾಗ.

## ಶುರುವಿನ ಪ್ರಶ್ನೆಗಳು

ಐದು ಕುಟುಂಬ ಅಂತಾರಲ್ಲ, ಯಾವ್ಯಾವುದು? ಹೆಸರೇ ನೆನಪಲ್ಲಿ ಉಳಿಯಲ್ಲ.

ಕೊರ್ಲಿಯೋನೆ, ಟಟಾಗ್ಲಿಯಾ, ಬಾರ್ಜಿನಿ, ಕುನಿಯೋ, ಸ್ಟ್ರಾಚಿ. ಐದೂ ನ್ಯೂಯಾರ್ಕ್ ಸೀಮೆಯ ಮಾಫಿಯಾ ಕುಟುಂಬಗಳು. ಹೆಸರನ್ನು ಬಾಯಿಪಾಠ ಮಾಡುವ ಬದಲು ಯಾರ ಕೈಯಲ್ಲಿ ಏನಿತ್ತು ಎಂದು ನೆನಪಿಟ್ಟುಕೊಂಡರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೊರ್ಲಿಯೋನೆಗಳ ದಂಧೆ ಜೂಜು ಮತ್ತು ಕಾರ್ಮಿಕ ಸಂಘಗಳು. ಆದರೆ ಅವರ ನಿಜವಾದ ಆಸ್ತಿ ಜಡ್ಜುಗಳು ಮತ್ತು ರಾಜಕಾರಣಿಗಳು. ಟಟಾಗ್ಲಿಯಾಗಳದ್ದು ವೇಶ್ಯಾವಾಟಿಕೆ ಮತ್ತು ನೈಟ್‌ಕ್ಲಬ್ಬು. ಬಾರ್ಜಿನಿಗೆ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕೈಯಿತ್ತು, ಕೊರ್ಲಿಯೋನೆಗಳ ನಂತರದ ಬಲ ಅವನದೇ. ಕುನಿಯೋ ಮತ್ತು ಸ್ಟ್ರಾಚಿ ಕಥೆಯಲ್ಲಿ ಹೆಚ್ಚು ಮಾತಾಡುವುದಿಲ್ಲ, ಗಾಳಿ ಬೀಸಿದ ಕಡೆ ವಾಲುತ್ತಾರೆ. ಮಿಕ್ಕ ನಾಲ್ವರ ಕಣ್ಣೂ ಕೊರ್ಲಿಯೋನೆಗಳ ಜಡ್ಜುಗಳ ಮೇಲಿತ್ತು, ಇಡೀ ಜಗಳದ ಬೇರು ಅದೇ.

ಡಾನ್, ಕನ್ಸಿಲಿಯೇರಿ, ಕಾಪೊ ಅಂದ್ರೆ ಯಾರು? ಯಾರ ಮೇಲೆ ಯಾರು?

ಡಾನ್ ಮನೆಯ ಯಜಮಾನ. ಕನ್ಸಿಲಿಯೇರಿ ಅವನ ಮಂತ್ರಿ: ಸಲಹೆ ಕೊಡುತ್ತಾನೆ, ರಾಯಭಾರ ಮಾಡುತ್ತಾನೆ, ಸಾಮಾನ್ಯವಾಗಿ ಗನ್ನು ಹಿಡಿಯುವುದಿಲ್ಲ. ಕಾಪೊರೆಜಿಮೆ, ಅಂದರೆ ಕಾಪೊ, ದಳಪತಿ. ಕೊರ್ಲಿಯೋನೆಗಳಿಗೆ ಇಂಥವರು ಇಬ್ಬರು: ಕ್ಲೆಮೆಂಜಾ ಮತ್ತು ಟೆಸ್ಸಿಯೋ. ಅವರ ಕೈಕೆಳಗೆ ಹುಡುಗರು. ಡಾನ್ ಹೇಳಿದ್ದು ಮಂತ್ರಿಗೆ, ಮಂತ್ರಿ ಹೇಳಿದ್ದು ಕಾಪೊಗೆ, ಕಾಪೊ ಹೇಳಿದ್ದು ಹುಡುಗರಿಗೆ. ಗುಂಡು ಹೊಡೆದವನನ್ನು ಹಿಡಿದು ಪೊಲೀಸರು ಮೇಲೆ ಹತ್ತಲು ಹೋದರೆ ನಡುವೆ ಎಲ್ಲೋ ಒಬ್ಬ ಬಾಯಿ ಮುಚ್ಚಿದರೂ ಸಾಕು, ಸರಪಳಿ ತುಂಡಾಗುತ್ತದೆ. ಇದರಲ್ಲೇ ದೌರ್ಬಲ್ಯವೂ ಇದೆ. ಹುಡುಗರು ದಿನಾ ಮುಖ ನೋಡುವುದು ಕಾಪೊದು, ಡಾನ್‌ದಲ್ಲ. ಒಬ್ಬ ಕಾಪೊ ಅತ್ತ ಜಿಗಿದರೆ ಕುಟುಂಬದ ಅರ್ಧ ಸೈನ್ಯವೇ ಅತ್ತ ಹೋದ ಹಾಗೆ.

ಪುಸ್ತಕ ಮೊದಲು ಓದ್ಬೇಕಾ, ಸಿನಿಮಾ ಮೊದಲು ನೋಡ್ಬೇಕಾ?

ಸಿನಿಮಾ ಮೊದಲು. 1972ರದ್ದು, ಆಮೇಲೆ 1974ರ ಎರಡನೇ ಭಾಗ, ಆಮೇಲೆ ಕಾದಂಬರಿ, ಕೊನೆಗೆ 1990ರ ಮೂರನೇ ಭಾಗ. ಎರಡನೇ ಭಾಗದಲ್ಲಿ ಬರುವ ಡಾನ್ ವೀಟೊ ಕೊರ್ಲಿಯೋನೆಯ ಯೌವನದ ಕಥೆ ಕಾದಂಬರಿಯಿಂದ ಬಂದದ್ದು, ಅವನ ಮಗ ಮೈಕಲ್‌ನ 1958ರ ನಂತರದ ಕಥೆ ಸಿನಿಮಾಕ್ಕೆಂದೇ ಬರೆದದ್ದು. ಮೊದಲೆರಡು ಭಾಗ ಒಂದೊಂದೂ ಸುಮಾರು 3 ಗಂಟೆ ಅಥವಾ ಅದಕ್ಕೂ ಹೆಚ್ಚು, ಒಂದೇ ದಿನ ಎರಡನ್ನೂ ನೋಡಬೇಡಿ. ಮೈಕಲ್ ಸಿಸಿಲಿಯಿಂದ ವಾಪಸಾಗುವಷ್ಟರಲ್ಲಿ ದಣಿದುಬಿಟ್ಟರೆ ಅಲ್ಲಿಂದ ಮುಂದಿನ ಸೂಕ್ಷ್ಮಗಳೆಲ್ಲ ಕೈತಪ್ಪುತ್ತವೆ.

ಸೊಲೊಟ್ಸೊ ಹೊರಗಿನವನು. ಡಾನ್‌ಗೇ ಗುಂಡು ಹೊಡೆಸೋ ಧೈರ್ಯ ಅವನಿಗೆ ಎಲ್ಲಿಂದ ಬಂತು?

ಧೈರ್ಯ ಅವನದಲ್ಲ, ಸಾಲ ತಂದದ್ದು. ಅವನು ಮುಂದಿಟ್ಟ ಲೆಕ್ಕ ನೋಡಿ. ಮಾದಕ ವಸ್ತುವಿನ ದಂಧೆಗೆ 10 ಲಕ್ಷ ಡಾಲರ್ ನಗದು ಬೇಕು, ಜೊತೆಗೆ ರಾಜಕಾರಣಿಗಳ ಮತ್ತು ಕಾನೂನಿನ ರಕ್ಷಣೆ ಬೇಕು. ಬದಲಿಗೆ ಕೊರ್ಲಿಯೋನೆಗಳಿಗೆ 30 ಶೇಕಡಾ, ಮೊದಲ ವರ್ಷವೇ 30ರಿಂದ 40 ಲಕ್ಷ ಡಾಲರ್. ಟಟಾಗ್ಲಿಯಾಗೆ ಎಷ್ಟು ಎಂದು ವೀಟೊ ಕೇಳಿದಾಗ, ಅವರದ್ದನ್ನು ನನ್ನ ಪಾಲಿನಿಂದ ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. ಅಂದರೆ ಟಟಾಗ್ಲಿಯಾ ಆಗಲೇ ಅವನ ಹಿಂದೆ ನಿಂತಾಗಿದೆ.

ಇಲ್ಲೊಂದು ಸೂತ್ರ ಹಿಡಿದುಕೊಳ್ಳಿ, ಮೂರೂ ಭಾಗಕ್ಕೆ ಉಪಯೋಗಕ್ಕೆ ಬರುತ್ತದೆ. ಈ ಲೋಕದಲ್ಲಿ ಗುಟ್ಟಿನ ಮೈತ್ರಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಯಾರು ಯಾರ ಪರವಾಗಿ ಹೊಣೆ ನಿಲ್ಲುತ್ತಾರೆ ಎಂಬುದು ಮಾತ್ರ ಎಲ್ಲಾದರೂ ಒಂದು ಕಡೆ ಹೊರಗೆ ಬಂದೇ ಬರುತ್ತದೆ. ‘ನಿಮ್ಮ ದುಡ್ಡಿಗೆ ನಾವು ಜವಾಬು’, ‘ನಿಮ್ಮ ಪ್ರಾಣಕ್ಕೆ ನಾನು ಹೊಣೆ’ ಎಂದವನ ಮುಖ ನೋಡಿ. ದಾರ ಅಲ್ಲಿಂದ ಸಿಗುತ್ತದೆ.

## ಮೊದಲ ಯುದ್ಧದ ಪ್ರಶ್ನೆಗಳು

ಸಾನಿ ಒಂದೇ ಒಂದು ಮಾತು ಆಡಿದ್ದಕ್ಕೆ ಇಷ್ಟೆಲ್ಲಾ ಆಯ್ತಾ?

ಹೌದು, ಅದೇ ಒಂದು ಮಾತಿಗೆ. ವೀಟೊ ದಂಧೆ ಬೇಡ ಎಂದಾಗಿದೆ. ಜೂಜೆಂದರೆ ಕಣ್ಣು ಮುಚ್ಚಿಕೊಳ್ಳುವ ರಾಜಕಾರಣಿಗಳು ಮಾದಕ ವಸ್ತು ಎಂದ ಕೂಡಲೇ ದೂರ ಸರಿಯುತ್ತಾರೆ ಎನ್ನುವುದು ಅವನ ಕಾರಣ, ಅದು ವ್ಯಾಪಾರದ ಕಾರಣವೇ. ನಿಮ್ಮ 10 ಲಕ್ಷ ಮುಳುಗುತ್ತದೆಂಬ ಭಯವಿದ್ದರೆ ಟಟಾಗ್ಲಿಯಾಗಳು ಹೊಣೆ ನಿಲ್ಲುತ್ತಾರೆ ಎಂದು ಸೊಲೊಟ್ಸೊ ಕೊನೆಯ ದಾಳ ಎಸೆಯುತ್ತಾನೆ. ವೀಟೊನ ಹಿರಿಮಗ ಸಾನಿ ಥಟ್ಟನೆ ಬಾಯಿ ಹಾಕುತ್ತಾನೆ: ಅವರು ನಮ್ಮ ದುಡ್ಡಿಗೆ ಹೊಣೆ ನಿಲ್ತಾರಾ? ವೀಟೊ ತಡೆಯುವಷ್ಟರಲ್ಲಿ ಮಾತು ಹೊರಬಿದ್ದಿದೆ. ಆ ಕ್ಷಣ ಸೊಲೊಟ್ಸೊನ ಕಣ್ಣು ನೋಡಿ. ಅಪ್ಪನಿಗೆ ಬೇಡ, ಮಗನಿಗೆ ಆಸೆ. ಹಾಗಾದರೆ ಅಪ್ಪ ಇಲ್ಲವಾದರೆ ವ್ಯವಹಾರ ಕುದುರುತ್ತದೆ. ವೀಟೊನ ಮೇಲೆ ಗುಂಡು ಹಾರುವುದು ಈ ಲೆಕ್ಕದ ಮೇಲೆ. ಹೊರಗಿನವರ ಎದುರು ಮನಸ್ಸಿನ ಮಾತು ಆಡಬೇಡ ಎಂದು ವೀಟೊ ಆಮೇಲೆ ಮಗನನ್ನು ಗದರುತ್ತಾನಲ್ಲ, ಅದು ಶಿಸ್ತಿನ ಪಾಠವಲ್ಲ, ಪ್ರಾಣದ ಪಾಠ.

ಗುಂಡು ಹಾರುವ ಹೊತ್ತಿಗೇ ಸೊಲೊಟ್ಸೊ ಕುಟುಂಬದ ಕನ್ಸಿಲಿಯೇರಿ ಟಾಮ್ ಹೇಗನ್‌ನನ್ನು ಎತ್ತಿಕೊಂಡು ಹೋಗುವುದೂ ಇದೇ ಲೆಕ್ಕದ ಮುಂದುವರಿಕೆ. ಕೊಲ್ಲುವುದಕ್ಕಲ್ಲ, ಸಾನಿಯ ಹತ್ತಿರ ರಾಜಿ ಮಾತಾಡಿಸುವುದಕ್ಕೆ. ಐದು ಗುಂಡು ಬಿದ್ದರೂ ವೀಟೊ ಉಳಿದುಕೊಂಡ. ಆ ಲೆಕ್ಕ ತಪ್ಪಿದ್ದು ಅಲ್ಲೊಂದೇ ಕಡೆ.

ಪೌಲಿ ದ್ರೋಹಿ ಅಂತ ಅಷ್ಟು ಬೇಗ ಹೇಗೆ ಕಂಡುಹಿಡಿದರು?

ವೀಟೊನ ಕಾರು ಓಡಿಸಬೇಕಾದವನು ಅವನು, ಆ ದಿನವೇ ಹುಷಾರಿಲ್ಲ ಎಂದು ಬರಲಿಲ್ಲ. ಅದೊಂದರ ಮೇಲೆ ತೀರ್ಮಾನಕ್ಕೆ ಬಂದದ್ದಲ್ಲ. ಫೋನ್ ಕಂಪನಿಯೊಳಗೆ ಕುಟುಂಬದ ಜನ ಇದ್ದರು, ಅವನಿಗೆ ಬಂದ ಕರೆಗಳ ಲೆಕ್ಕ ತೆಗೆಸಿದರು. ಕ್ಲೆಮೆಂಜಾ ತಾನೇ ಮುಂದೆ ನಿಂತು ಪೌಲಿಯನ್ನು ಮುಗಿಸಿದ್ದಕ್ಕೂ ಕಾರಣವಿದೆ. ಪೌಲಿ ಅವನ ದಳದ ಹುಡುಗ, ಅವನು ಬೆಳೆಸಿದವನು. ತನ್ನ ಮನೆಯ ಹೊಲಸನ್ನು ತಾನೇ ತೊಳೆಯದಿದ್ದರೆ ಸಂಶಯ ಕ್ಲೆಮೆಂಜಾನ ಮೇಲೇ ತಿರುಗುತ್ತಿತ್ತು.

‘ಮ್ಯಾಟ್ರೆಸ್’ ಅಂತ ಆಗಾಗ ಬರುತ್ತಲ್ಲ, ಹಾಸಿಗೆಗೂ ಯುದ್ಧಕ್ಕೂ ಏನು ಸಂಬಂಧ?

ಯುದ್ಧ ಶುರುವಾದರೆ ಹುಡುಗರು ಮನೆಗೆ ಹೋಗುವಂತಿಲ್ಲ, ಹೋದರೆ ದಾರಿಯಲ್ಲೇ ಹೊಡೆಯುತ್ತಾರೆ. ಗುಟ್ಟಾಗಿ ಬಾಡಿಗೆಗೆ ಹಿಡಿದ ಮನೆಗಳಲ್ಲಿ ನೆಲಕ್ಕೆ ಸಾಲಾಗಿ ಹಾಸಿಗೆ ಹಾಸಿ, ಅಡುಗೆ ಅಲ್ಲೇ ಮಾಡಿಕೊಂಡು, ಸರದಿಯ ಮೇಲೆ ಕಾವಲಿದ್ದು ಮಲಗುತ್ತಾರೆ. ಕ್ಲೆಮೆಂಜಾ ಮೈಕಲ್‌ಗೆ ಸಾರು ಮಾಡುವುದು ಕಲಿಸುತ್ತಾನಲ್ಲ, ಅದು ಇಂಥ ದಿನಗಳ ಕಸುಬು. ಇಪ್ಪತ್ತು ಜನಕ್ಕೆ ಅಡುಗೆ ಮಾಡುವುದು ಗೊತ್ತಿರಬೇಕು ಎಂದು ಅವನು ಹೇಳುವುದು ತಮಾಷೆಗಲ್ಲ.

ಪೊಲೀಸ್ ಕ್ಯಾಪ್ಟನ್‌ನನ್ನೇ ಕೊಂದ ಮೇಲೂ ಕುಟುಂಬ ಉಳಿದದ್ದು ಹೇಗೆ? ಮೈಕಲ್ ಅಮೆರಿಕಕ್ಕೆ ವಾಪಸ್ ಬಂದದ್ದು ಹೇಗೆ?

ಸೊಲೊಟ್ಸೊನನ್ನೂ ಅವನ ಬೆನ್ನಿಗಿದ್ದ ಪೊಲೀಸ್ ಕ್ಯಾಪ್ಟನ್ ಮೆಕ್ಲಸ್ಕಿಯನ್ನೂ ಸಂಧಾನಕ್ಕೆಂದು ಕೂತ ರೆಸ್ಟೋರೆಂಟಿನಲ್ಲೇ ಕೊಂದು ಮೈಕಲ್ ಸಿಸಿಲಿಗೆ ಓಡಿದ್ದ. ಪೊಲೀಸರನ್ನು ಮುಟ್ಟಬಾರದು ಎನ್ನುವುದು ಐದೂ ಕುಟುಂಬ ಒಪ್ಪಿದ್ದ ನಿಯಮ, ಏಕೆಂದರೆ ಮುಟ್ಟಿದರೆ ಎಲ್ಲರ ದಂಧೆಯೂ ಮುಚ್ಚುತ್ತದೆ. ಮೈಕಲ್ ಕಂಡ ಸಂದು ಇದು: ಮೆಕ್ಲಸ್ಕಿ ಮಾಮೂಲಿ ಪೊಲೀಸಲ್ಲ, ಮಾದಕ ವಸ್ತುವಿನ ದಂಧೆಗೆ ಕಾವಲು ನಿಂತು ಸಂಬಳ ಎಣಿಸುತ್ತಿದ್ದವನು. ಕುಟುಂಬದ ಸಂಬಳ ತಿನ್ನುವ ಪತ್ರಕರ್ತರು ಇದನ್ನು ಬರೆದರೆ ಸಿಟ್ಟು ತಣ್ಣಗಾಗುತ್ತದೆ. ಪೂರ್ತಿ ಆಗಲಿಲ್ಲ, ಆದರೆ ಕುಟುಂಬ ಉಳಿಯುವಷ್ಟು ಆಯಿತು.

ವಾಪಸಾತಿಯ ಗುಟ್ಟು ಕಾದಂಬರಿಯಲ್ಲಿ ಮಾತ್ರ ಇದೆ, ಸಿನಿಮಾ ಅದನ್ನು ಬಿಟ್ಟಿದೆ. ನಮ್ಮ ಪ್ರಕಾರ ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಜಾಣ ಕಲ್ಪನೆ ಇನ್ನೊಂದಿಲ್ಲ. ಬೊಕಿಕಿಯೋ ಎಂಬ ಕುಟುಂಬವಿದೆ. ಬುದ್ಧಿಯಲ್ಲಿ ಹಿಂದೆ, ದಂಧೆಯಲ್ಲಿ ಹಿಂದೆ, ಸೇಡಿನಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ. ಅವರು ಬಂಡವಾಳ ಮಾಡಿಕೊಂಡದ್ದು ಆ ಸೇಡನ್ನೇ. ನಾನು ಶತ್ರುವಿನ ಮನೆಗೆ ಸಂಧಾನಕ್ಕೆ ಹೋಗಬೇಕು, ನಂಬಿಕೆ ಇಲ್ಲ. ಆಗ ಶತ್ರು ಹಣ ಕೊಟ್ಟು ಒಬ್ಬ ಬೊಕಿಕಿಯೋನನ್ನು ನನ್ನ ಮನೆಯಲ್ಲಿ ಒತ್ತೆ ಇಡುತ್ತಾನೆ. ನನಗೆ ಏನಾದರೂ ಆದರೆ ನನ್ನವರು ಆ ಒತ್ತೆಯವನನ್ನು ಕೊಲ್ಲುತ್ತಾರೆ. ಆಗ ಬೊಕಿಕಿಯೋಗಳ ಸೇಡು ತಿರುಗುವುದು ಕೊಂದ ನನ್ನವರ ಮೇಲಲ್ಲ, ಮಾತು ತಪ್ಪಿದ ಶತ್ರುವಿನ ಮೇಲೆ. ದುಡ್ಡು, ಬೆದರಿಕೆ ಯಾವುದಕ್ಕೂ ಅವರು ಬಗ್ಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಅವರ ಹೊಣೆ ಬ್ಯಾಂಕಿನ ಗ್ಯಾರಂಟಿಗಿಂತ ಗಟ್ಟಿ. ಇದೇ ಕುಟುಂಬದ ಫೆಲಿಕ್ಸ್‌ಗೆ ಬೇರೆ ಕೊಲೆಗೆ ಮರಣದಂಡನೆಯಾಗಿದೆ. ಹೆಂಡತಿ ಮಕ್ಕಳ ಹೊಟ್ಟೆಪಾಡು ಕೊರ್ಲಿಯೋನೆಗಳು ನೋಡಿಕೊಳ್ಳುವ ಒಪ್ಪಂದದ ಮೇಲೆ ಸೊಲೊಟ್ಸೊ, ಮೆಕ್ಲಸ್ಕಿ ಇಬ್ಬರ ಕೊಲೆಯನ್ನೂ ತಾನೇ ಮಾಡಿದ್ದೆಂದು ಅವನು ಒಪ್ಪಿಕೊಳ್ಳುತ್ತಾನೆ. ಮೈಕಲ್‌ನ ದಾರಿ ತೆರೆಯುತ್ತದೆ.

ಈ ಒತ್ತೆಯ ಪದ್ಧತಿಯ ಒಂದು ಎಳೆ ಸಿನಿಮಾದಲ್ಲೂ ಉಳಿದಿದೆ. ಮೈಕಲ್ ರೆಸ್ಟೋರೆಂಟಿಗೆ ಹೊರಡುವ ಮುನ್ನ ಆ ಕಡೆಯ ಮನುಷ್ಯನೊಬ್ಬ ಕ್ಲೆಮೆಂಜಾನ ಮನೆಯಲ್ಲಿ ಹುಡುಗರ ಜೊತೆ ಇಸ್ಪೀಟಾಡುತ್ತ ಕೂತಿದ್ದಾನೆ, ಹುಡುಗರು ಬೇಕೆಂದೇ ಅವನನ್ನು ಗೆಲ್ಲಿಸುತ್ತಿದ್ದಾರೆ ಎಂಬ ಮಾತು ಬಂದುಹೋಗುತ್ತದೆ.

ಸಾನಿ ಸಾವಿಗೆ ಕಾರ್ಲೊ ಯಾಕೆ ಕೈ ಜೋಡಿಸಿದ? ಅಳಿಯ ಅಲ್ವಾ?

ಅಳಿಯನಾಗಿದ್ದರಿಂದಲೇ, ವೀಟೊನ ಮಗಳು ಕಾನಿಯ ಗಂಡ. ಅವನಿಗೆ ಜೀವನಕ್ಕೆ ಏನಾದರೂ ಕೊಡಿ, ಆದರೆ ಕುಟುಂಬದ ವ್ಯವಹಾರ ಮಾತ್ರ ಅವನ ಮುಂದೆ ಆಡಬೇಡಿ ಎಂದು ಮದುವೆಯ ದಿನವೇ ವೀಟೊ ಹೇಳಿದ್ದ. ಒಳಮನೆಗೆ ಪ್ರವೇಶವಿಲ್ಲದ ಅಳಿಯ. ಮೇಲಿಂದ ಕಾನಿಗೆ ಹೊಡೆದದ್ದಕ್ಕೆ ಸಾನಿ ಅವನನ್ನು ಬೀದಿಯಲ್ಲಿ ಎಲ್ಲರೆದುರು ಚಚ್ಚಿದ. ಬಾರ್ಜಿನಿಗೆ ಇಂಥವನು ಬೇಕಿತ್ತು. ಉಪಾಯ ಸರಳ: ಇನ್ನೊಮ್ಮೆ ಕಾನಿಗೆ ಹೊಡೆ, ಅವಳು ತವರಿಗೆ ಫೋನ್ ಮಾಡುತ್ತಾಳೆ, ಸಾನಿ ಕಾವಲಿಗೂ ಕಾಯದೆ ಒಬ್ಬನೇ ಕಾರು ಹತ್ತುತ್ತಾನೆ, ದಾರಿಯಲ್ಲಿ ಟೋಲ್‌ಗೇಟ್ ಇದೆ. ಸಾನಿಯ ಸಿಟ್ಟು ಗಡಿಯಾರದಷ್ಟು ಖಚಿತ ಎಂದು ಶತ್ರುವಿಗೆ ಗೊತ್ತಿತ್ತು.

ಬಾರ್ಜಿನಿನೇ ಎಲ್ಲದರ ಹಿಂದೆ ಇದ್ದದ್ದು ಅಂತ ವೀಟೊಗೆ ಗೊತ್ತಾಗಿದ್ದು ಯಾವಾಗ?

ಸಂಧಾನದ ಸಭೆಯಲ್ಲಿ. ಅಲ್ಲಿಂದ ಹೊರಟ ಕಾರಿನಲ್ಲಿ ಅದು ಬಾಯಿಗೆ ಬರುತ್ತದೆ.

ಸಭೆಯನ್ನು ಮತ್ತೆ ನೋಡಿ, ಕಿವಿಗಿಂತ ಕಣ್ಣು ತೆರೆದಿಟ್ಟು. ಜಗಳ ಇರುವುದು ಕೊರ್ಲಿಯೋನೆಗೂ ಟಟಾಗ್ಲಿಯಾಗೂ. ಇಬ್ಬರೂ ಮಗನನ್ನು ಕಳೆದುಕೊಂಡವರು. ಆದರೆ ಷರತ್ತುಗಳನ್ನು ಮಾತಾಡುವುದು ಯಾರು? ಬಾರ್ಜಿನಿ. ಜಡ್ಜುಗಳನ್ನು ಎಲ್ಲರಿಗೂ ಹಂಚಬೇಕು, ಬಾವಿಯ ನೀರು ಎಲ್ಲರೂ ಸೇದಲಿ, ಅದಕ್ಕೆ ಬೇಕಾದರೆ ಬಿಲ್ಲು ಕಳಿಸಲಿ ಎನ್ನುವುದು ಅವನೇ. ಮುಂದೆ ಬಲ ಬಂದ ಮೇಲೆ ಕೊರ್ಲಿಯೋನೆ ಸೇಡು ತೀರಿಸಿಕೊಳ್ಳುವುದಿಲ್ಲ ಎನ್ನುವುದಕ್ಕೆ ಏನು ಖಾತ್ರಿ ಎಂದು ಟಟಾಗ್ಲಿಯಾ ಕೇಳಿದರೆ ಉತ್ತರ ಕೊಡುವುದೂ ಬಾರ್ಜಿನಿ: ನಾವೆಲ್ಲ ತಿಳಿದವರು, ವಕೀಲರ ಹಾಗೆ ಖಾತ್ರಿ ಕೇಳುವುದು ಬೇಡ. ಮಗನನ್ನು ಕಳೆದುಕೊಂಡವನ ಪ್ರಶ್ನೆಯನ್ನು ಅವನ ಪರವಾಗಿ ಕೈಬಿಡುವ ಅಧಿಕಾರ ಇವನಿಗೆ ಎಲ್ಲಿಂದ ಬಂತು? ವೀಟೊಗೆ ಅಷ್ಟು ಸಾಕಾಯಿತು.

ಕಾರಿನಲ್ಲಿ ಹೇಗನ್ ಕೇಳುತ್ತಾನೆ: ಟಟಾಗ್ಲಿಯಾ ಕಡೆಯವರ ಹತ್ತಿರ ಮಾತಾಡುವಾಗ, ದಂಧೆಯ ದಲ್ಲಾಳಿಗಳು ಪೊಲೀಸ್ ದಾಖಲೆ ಇಲ್ಲದವರೇ ಆಗಿರಬೇಕೆಂದು ಪಟ್ಟು ಹಿಡಿಯಲೇ? ಹೇಳು, ಪಟ್ಟು ಹಿಡಿಯಬೇಡ, ಬಾರ್ಜಿನಿಗೆ ಅದು ಹೇಳದೆಯೂ ತಿಳಿಯುತ್ತದೆ ಎನ್ನುತ್ತಾನೆ ವೀಟೊ. ಟಟಾಗ್ಲಿಯಾ ಅಂತ ತಾನೇ ನೀವು ಹೇಳಿದ್ದು ಎಂದು ಹೇಗನ್ ತಿದ್ದುತ್ತಾನೆ. ಆಗ ಬರುತ್ತದೆ ಉತ್ತರ. ಟಟಾಗ್ಲಿಯಾಗೆ ಸಾನಿಯನ್ನು ಮಣಿಸುವ ಯೋಗ್ಯತೆಯೇ ಇರಲಿಲ್ಲ, ಮೊದಲಿಂದಲೂ ಬಾರ್ಜಿನಿಯೇ.

ಮದುವೆಯ ದೃಶ್ಯಕ್ಕೆ ಹಿಂತಿರುಗಿ ನೋಡಿದರೆ ಬಾರ್ಜಿನಿಯ ಮೊದಲ ಪರಿಚಯ ಏನು? ಫೋಟೋ ತೆಗೆದವನ ಕ್ಯಾಮೆರಾದಿಂದ ರೀಲು ಕೀಳಿಸುವುದು. ತಾನೆಲ್ಲಿದ್ದೆ, ಯಾರ ಜೊತೆಗಿದ್ದೆ ಎಂಬ ಗುರುತು ಉಳಿಯಬಾರದು ಎನ್ನುವವನು. ಮೂರು ಗಂಟೆಯ ಕಥೆಯನ್ನು ಆ ಒಂದು ಚಿಕ್ಕ ಕೆಲಸದಲ್ಲಿ ಮೊದಲೇ ಹೇಳಿಬಿಟ್ಟಿದ್ದಾರೆ.

ಟೆಸ್ಸಿಯೋ ದ್ರೋಹ ಮಾಡಿದ್ದು ಮೈಕಲ್‌ಗೆ ಹೇಗೆ ಗೊತ್ತಾಯ್ತು? ಯಾರೂ ಬಂದು ಹೇಳಲೇ ಇಲ್ವಲ್ಲ.

ವೀಟೊ ಸಾಯುವ ಮುಂಚೆಯೇ ಬಲೆ ಹೆಣೆದು ಕೊಟ್ಟುಹೋಗಿದ್ದ. ತೋಟದಲ್ಲಿ ಅಪ್ಪ ಮಗ ಕೂತಿರುವಾಗ ಹೇಳುತ್ತಾನೆ: ಬಾರ್ಜಿನಿ ನಿನ್ನನ್ನು ಸಂಧಾನಕ್ಕೆ ಕರೆಸುತ್ತಾನೆ, ನೀನು ಪೂರ್ತಿ ನಂಬುವ ಒಬ್ಬರ ಮೂಲಕ ಕರೆಸುತ್ತಾನೆ, ನಿನ್ನ ಪ್ರಾಣಕ್ಕೆ ಅವರೇ ಹೊಣೆ ನಿಲ್ಲುತ್ತಾರೆ, ಆ ಸಭೆಯಲ್ಲೇ ನಿನ್ನ ಕೊಲೆ. ಕರೆ ತಂದವನೇ ದ್ರೋಹಿ. ಇದರಲ್ಲಿ ಊಹೆ ಇಲ್ಲ, ತರ್ಕ ಇದೆ. ಶತ್ರುವಿನ ಮಾತಿಗೆ ಮೈಕಲ್ ಹೋಗುವುದಿಲ್ಲ, ಆದ್ದರಿಂದ ಬಾರ್ಜಿನಿಗೆ ಒಳಗಿನವನ ಬಾಯಿ ಬೇಕೇ ಬೇಕು. ಆ ಬಾಯಿ ತಾನಾಗಿ ತೆರೆಯುವವರೆಗೆ ಕಾದರೆ ಆಯಿತು.

ವೀಟೊನ ಅಂತ್ಯಕ್ರಿಯೆಯ ದಿನ, ಗೋರಿಯ ಪಕ್ಕದಲ್ಲೇ ಟೆಸ್ಸಿಯೋ ಬಂದು ಕಿವಿಯಲ್ಲಿ ಹೇಳುತ್ತಾನೆ: ಬಾರ್ಜಿನಿ ಮಾತಾಡಬೇಕಂತೆ, ನನ್ನ ಏರಿಯಾದಲ್ಲೇ ಏರ್ಪಾಟು ಮಾಡುತ್ತೇನೆ, ನೀನು ಸುರಕ್ಷಿತ. ಮೈಕಲ್‌ನ ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಹೇಗನ್‌ಗೆ ಆಶ್ಚರ್ಯ, ಅವನಿಗೆ ಸಂಶಯವಿದ್ದದ್ದು ಕ್ಲೆಮೆಂಜಾನ ಮೇಲೆ. ಟೆಸ್ಸಿಯೋನೇ ಯಾವಾಗಲೂ ಹೆಚ್ಚು ಜಾಣ, ಅವನು ಮಾಡಿದ್ದು ಜಾಣತನದ ಲೆಕ್ಕ ಎನ್ನುತ್ತಾನೆ ಮೈಕಲ್. ನಿಜ. ಕೊರ್ಲಿಯೋನೆಗಳು ನೆವಾಡಾಕ್ಕೆ ಹೊರಟಿದ್ದಾರೆ, ಬಾರ್ಜಿನಿಯ ಜನ ದಿನಾ ಅವನ ಬೀದಿಗಳನ್ನು ಮುರಿದು ತಿನ್ನುತ್ತಿದ್ದಾರೆ, ತನ್ನದೇ ಕುಟುಂಬ ಕಟ್ಟಿಕೊಳ್ಳಲು ಕೇಳಿದರೆ ಇನ್ನೂ ಕಾಯಿ ಎನ್ನುತ್ತಾರೆ. ಮುಳುಗುವ ದೋಣಿ ಎಂದು ಟೆಸ್ಸಿಯೋ ಅಂದುಕೊಂಡ. ಆ ಮುಳುಗುವಿಕೆ ನಟನೆ ಎಂದು ಅವನಿಗೆ ಗೊತ್ತಾಗಲಿಲ್ಲ. ಕಾದಂಬರಿಯ ಪ್ರಕಾರ, ಇಬ್ಬರೂ ಹಳೆಯ ಕಾಪೊಗಳಿಗೆ ತಿಳಿಯದ ಹಾಗೆ ರಾಕೊ ಲ್ಯಾಂಪೋನೆಯ ಕೈಯಲ್ಲಿ ಇನ್ನೊಂದು ದಳ ಗುಟ್ಟಾಗಿ ಬೆಳೆಯುತ್ತಿತ್ತು. ತನ್ನವರ ಕಣ್ಣಿಗೂ ಬಲಹೀನನಾಗಿ ಕಾಣಬೇಕು, ಆಗ ಮಾತ್ರ ದ್ರೋಹಿ ಹೊರಗೆ ಬರುತ್ತಾನೆ. ಈ ಉಪಾಯದ ಬೆಲೆ ಟೆಸ್ಸಿಯೋ. ಬಲ ಇದೆ ಎಂದು ಅವನಿಗೆ ತಿಳಿದಿದ್ದರೆ ಬಹುಶಃ ಅವನು ಜಿಗಿಯುತ್ತಲೇ ಇರಲಿಲ್ಲ. ಕೊನೆಯಲ್ಲಿ ಹೇಗನ್ ಎದುರು ಅವನು ನಿಂತಿರುವ ರೀತಿ, ಹಳೆಯ ನೆನಪಿಗೆ ಬಿಟ್ಟುಬಿಡಲು ಆಗುತ್ತದಾ ಎಂದು ಕೇಳುವ ರೀತಿ ಎಷ್ಟು ಸಲ ನೋಡಿದರೂ ಹೊಟ್ಟೆ ಕಿವುಚುತ್ತದೆ.

ಬಾರ್ಜಿನಿ, ಟಟಾಗ್ಲಿಯಾ ಸರಿ. ಕುನಿಯೋ, ಸ್ಟ್ರಾಚಿಯನ್ನ ಯಾಕೆ ಕೊಂದ?

ಕಾದಂಬರಿಯಲ್ಲಿ ಕೊಲ್ಲುವುದೇ ಇಲ್ಲ. ಅಲ್ಲಿ ಬೀಳುವ ಡಾನ್‌ಗಳು ಬಾರ್ಜಿನಿ ಮತ್ತು ಫಿಲಿಪ್ ಟಟಾಗ್ಲಿಯಾ ಇಬ್ಬರೇ. ಸಿನಿಮಾದಲ್ಲಿ ನಾಲ್ವರೂ ಒಂದೇ ಹೊತ್ತಿಗೆ ಹೋಗುತ್ತಾರೆ, ಲಾಸ್ ವೇಗಸ್‌ನ ಕ್ಯಾಸಿನೊ ಧಣಿ ಮೋ ಗ್ರೀನ್ ಕೂಡ. ಒಂದೆಡೆ ಚರ್ಚಿನಲ್ಲಿ ಮಗುವಿನ ದೀಕ್ಷಾಸ್ನಾನ, ಇನ್ನೊಂದೆಡೆ ಲಿಫ್ಟಿನಲ್ಲಿ ಸ್ಟ್ರಾಚಿ, ತಿರುಗುವ ಬಾಗಿಲಲ್ಲಿ ಕುನಿಯೋ, ಹಾಸಿಗೆಯಲ್ಲಿ ಟಟಾಗ್ಲಿಯಾ, ಮೆಟ್ಟಿಲ ಮೇಲೆ ಬಾರ್ಜಿನಿ. ಹೀಗೆ ಹೆಣೆದದ್ದು ಸಿನಿಮಾದ ಕೆಲಸ. ತರ್ಕವಾಗಿ ನೋಡಿದರೆ ಕಾದಂಬರಿಯದ್ದೇ ಹೆಚ್ಚು ಸರಿ. ನಡುವೆ ನಿಂತವರನ್ನು ಉಳಿಸಿಕೊಂಡರೆ ಅವರು ಭಯದಿಂದ ಮಿತ್ರರಾಗುತ್ತಾರೆ, ಕೊಂದರೆ ಅವರ ಜಾಗಕ್ಕೆ ಬರುವ ಹೊಸಬರು ಹೇಗೋ ಏನೋ ಗೊತ್ತಿಲ್ಲ. ಹಾಗಿದ್ದರೂ ಮಗುವಿಗೆ ಧರ್ಮಪಿತನಾಗಿ ಸೈತಾನನನ್ನು ತಿರಸ್ಕರಿಸುತ್ತೇನೆ ಎಂದು ಮೈಕಲ್ ಹೇಳುವಾಗ ಗುಂಡಿನ ಸದ್ದು ಕೇಳುವ ಆ ಹೆಣಿಗೆಯ ಮುಂದೆ ನಮ್ಮ ತರ್ಕ ಬಾಯಿ ಮುಚ್ಚುತ್ತದೆ.

## ಆಳಕ್ಕೆ ಇಳಿದವರ ಪ್ರಶ್ನೆಗಳು

ಎರಡನೇ ಭಾಗದಲ್ಲಿ ಮೈಕಲ್ ಪೆಂಟಾಂಜೆಲಿಗೆ ಒಂದು ಹೇಳ್ತಾನೆ, ರಾತ್‌ಗೆ ಇನ್ನೊಂದು ಹೇಳ್ತಾನೆ. ಅವನಿಗೆ ನಿಜವಾಗ್ಲೂ ಯಾರ ಮೇಲೆ ಸಂಶಯ?

ರಾತ್ ಮೇಲೆ. ಮೊದಲಿಂದಲೂ. ನ್ಯೂಯಾರ್ಕ್‌ನಲ್ಲಿ ಕ್ಲೆಮೆಂಜಾನ ಜಾಗಕ್ಕೆ ಬಂದ ಪೆಂಟಾಂಜೆಲಿಗೂ ರೊಸಾಟೊ ಸೋದರರಿಗೂ ಜಗಳ. ಬ್ರಾಂಕ್ಸ್‌ನ ಮೂರು ಏರಿಯಾ ತಮಗೆ ಕೊಡುತ್ತೇನೆಂದು ಕ್ಲೆಮೆಂಜಾ ಮಾತು ಕೊಟ್ಟಿದ್ದ ಎಂದು ಅವರು, ಏನೂ ಕೊಟ್ಟಿರಲಿಲ್ಲ ಎಂದು ಇವನು. ರೊಸಾಟೊಗಳ ಬೆನ್ನಿಗೆ ಮಯಾಮಿಯ ಹಳೆಯ ಗ್ಯಾಂಗ್‌ಸ್ಟರ್ ಹೈಮನ್ ರಾತ್. ಮೈಕಲ್‌ನ ಮಲಗುವ ಕೋಣೆಗೆ ಗುಂಡಿನ ಮಳೆಯಾದ ಮೇಲೆ ಅವನು ಮಯಾಮಿಗೆ ಹೋಗಿ, ಇದು ಪೆಂಟಾಂಜೆಲಿಯ ಕೆಲಸ, ಅವನನ್ನು ಮುಗಿಸಿದರೆ ನಿಮ್ಮ ಅಭ್ಯಂತರ ಇಲ್ಲವಲ್ಲ ಎಂದು ರಾತ್‌ನನ್ನು ಕೇಳುತ್ತಾನೆ. ಆಮೇಲೆ ಪೆಂಟಾಂಜೆಲಿಯ ಮನೆಗೆ ಹೋಗಿ, ಇದು ರಾತ್‌ನ ಕೆಲಸ, ನನಗೆ ಅವನ ನಂಬಿಕೆ ಬೇಕು, ಅದಕ್ಕೆ ರೊಸಾಟೊಗಳ ಜೊತೆ ರಾಜಿ ಮಾಡಿಕೋ ಎನ್ನುತ್ತಾನೆ. ರಾತ್ ನಿಶ್ಚಿಂತನಾಗಿರಬೇಕು, ಮನೆಯೊಳಗಿನ ದ್ರೋಹಿ ಯಾರೆಂದು ತಿಳಿಯುವವರೆಗೆ ಅವನು ಜೀವಂತ ಬೇಕು. ಲೆಕ್ಕ ಅಷ್ಟೇ.

ಕೆಟ್ಟದ್ದು ಎಲ್ಲಿ? ರಾಜಿಗೆ ಹೋದ ಪೆಂಟಾಂಜೆಲಿಯ ಕುತ್ತಿಗೆಗೆ ತಂತಿ ಬಿಗಿಯುವಾಗ ರೊಸಾಟೊ ಕಡೆಯವನು ಮೈಕಲ್‌ನ ಹೆಸರು ಹೇಳುತ್ತಾನೆ. ಒಬ್ಬ ಪೊಲೀಸು ಒಳಗೆ ಬಂದದ್ದರಿಂದ ಪೆಂಟಾಂಜೆಲಿ ಉಳಿಯುತ್ತಾನೆ, ಮೈಕಲ್ ತನ್ನನ್ನು ಮಾರಿದ ಎಂದು ನಂಬಿ ಸರ್ಕಾರದ ಸಾಕ್ಷಿಯಾಗುತ್ತಾನೆ. ಮೈಕಲ್ ಅದನ್ನು ತಡೆಯುವುದು ಗುಂಡಿನಿಂದಲ್ಲ. ಸೆನೆಟ್ ವಿಚಾರಣೆಯ ಕೋಣೆಗೆ ಸಿಸಿಲಿಯಿಂದ ಕರೆಸಿದ ಪೆಂಟಾಂಜೆಲಿಯ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಅಣ್ಣ ಒಂದಕ್ಷರ ಆಡುವುದಿಲ್ಲ. ತಮ್ಮ ನೋಡಿದ ಕೂಡಲೇ ಹೇಳಿಕೆ ನುಂಗಿಕೊಳ್ಳುತ್ತಾನೆ.

ಫ್ರೆಡೊಗೆ ಕೊಲೆ ಸಂಚು ಅಂತ ಗೊತ್ತಿತ್ತಾ?

ಗೊತ್ತಿರಲಿಲ್ಲ ಎಂದು ಮೈಕಲ್‌ನ ಅಣ್ಣ ಫ್ರೆಡೊ ಹೇಳುತ್ತಾನೆ, ಆ ಮಾತು ಸುಳ್ಳೆನ್ನಲು ಕಥೆಯಲ್ಲಿ ಆಧಾರವಿಲ್ಲ. ವ್ಯವಹಾರಕ್ಕೆ ಸಹಾಯ ಮಾಡಿದರೆ ನಿನಗೂ ಏನಾದರೂ ಸಿಗುತ್ತದೆ ಎಂದು ರಾತ್ ಮತ್ತು ಅವನ ಬಲಗೈ ಜಾನಿ ಓಲಾ ಆಸೆ ತೋರಿಸಿದ್ದರು. ಅಣ್ಣನಾಗಿದ್ದೂ ತಮ್ಮ ತನ್ನನ್ನು ದಾಟಿ ಹೋದ ಎಂಬ ಹುಣ್ಣು ಅವನಲ್ಲಿತ್ತು, ಅವರು ಕೈಯಿಟ್ಟದ್ದು ಅಲ್ಲಿಗೇ. ಸಿಕ್ಕಿಬೀಳುವುದು ಹವಾನಾದಲ್ಲಿ. ಓಲಾನನ್ನು ಕಂಡೇ ಇಲ್ಲ ಎಂದು ಮೈಕಲ್‌ಗೆ ಹೇಳಿದವನು, 1958ರ ಹೊಸವರ್ಷದ ಮುನ್ನಾದಿನ ಕುಡಿದ ಅಮಲಿನಲ್ಲಿ ಈ ಜಾಗ ತೋರಿಸಿದ್ದೇ ಓಲಾ ಎಂದು ಗೆಳೆಯರಿಗೆ ಹೇಳುತ್ತಾನೆ. ಹಿಂದೆ ಕೂತ ಮೈಕಲ್‌ನ ಮುಖದ ಮೇಲೆ ಕ್ಯಾಮೆರಾ ನಿಲ್ಲುತ್ತದೆ.

ಮೂರನೇ ಭಾಗದ ಸಂಚು ಅರ್ಥವೇ ಆಗ್ಲಿಲ್ಲ.

ಮೊದಲ ಭಾಗದ ಅಚ್ಚನ್ನೇ ಅದರ ಮೇಲಿಡಿ. ಮುಂದೆ ಗದ್ದಲ ಮಾಡುವವನು ಜೋಯಿ ಜಾಸಾ, ಅಂದರೆ ಸೊಲೊಟ್ಸೊನ ಜಾಗ. ಅವನ ಹಿಂದೆ ಕಾನಿಯ ಧರ್ಮಪಿತ, ಮುದುಕ ಆಲ್ಟೊಬೆಲ್ಲೊ. ಅವನಿಗೂ ಹಿಂದೆ ಇಟಲಿಯ ರಾಜಕಾರಣಿ ಲುಕೇಸಿ. ಮೂರು ಪದರ, ಒಂದೊಂದು ಪದರಕ್ಕೂ ಮುಖ ಹೆಚ್ಚು ಸೌಮ್ಯ.

ನಿಜವಾದ ಐದು ಕುಟುಂಬ ಇದ್ವಾ? ವೀಟೊ ಯಾರ ಮೇಲೆ ಮಾಡಿದ ಪಾತ್ರ?

ಇದ್ದವು. 1931ರ ಏಪ್ರಿಲ್ 15ರಂದು ಕೋನಿ ಐಲ್ಯಾಂಡಿನ ರೆಸ್ಟೋರೆಂಟ್ ಒಂದರಲ್ಲಿ ಮಾಫಿಯಾ ನಾಯಕ ಜೋ ಮಸೇರಿಯಾನ ಕೊಲೆಯಾಯಿತು. ಆಮೇಲೆ ಅವನ ಎದುರಾಳಿ ಸಾಲ್ವಟೋರೆ ಮರಂಜಾನೊ ನ್ಯೂಯಾರ್ಕನ್ನು ಐದು ಕುಟುಂಬಗಳಾಗಿ ಹಂಚಿ ತಾನು ಎಲ್ಲರ ಮೇಲೆ ಕೂತ. ಅದೇ ಸೆಪ್ಟೆಂಬರ್ 10ಕ್ಕೆ ಅವನೂ ಹೋದ. ಎರಡರ ಹಿಂದೆಯೂ ಇದ್ದ ಲಕಿ ಲುಚಿಯಾನೊ ತಾನೇ ರಾಜನಾಗಲು ಹೋಗದೆ, ಎಲ್ಲರೂ ಕೂತು ತೀರ್ಮಾನಿಸುವ ‘ಕಮಿಷನ್’ ಕಟ್ಟಿದ. ಇಂದು ಆ ಐದನ್ನು ಜಿನೋವೀಸ್, ಗ್ಯಾಂಬಿನೊ, ಲುಕೇಸಿ, ಬೊನ್ಯಾನೊ, ಕೊಲಂಬೊ ಎಂದು ಕರೆಯುತ್ತಾರೆ. ವೀಟೊ ಯಾರೊಬ್ಬರ ನಕಲೂ ಅಲ್ಲ. ರಾಜಕಾರಣಿಗಳನ್ನು ಕೈಯಲ್ಲಿಟ್ಟುಕೊಂಡ ರೀತಿಯಲ್ಲಿ ನಿಜವಾದ ಮಾಫಿಯಾ ನಾಯಕ ಫ್ರ್ಯಾಂಕ್ ಕಾಸ್ಟೆಲೊನ ಛಾಯೆ ಕಾಣುತ್ತದೆ. ಹೈಮನ್ ರಾತ್ ಮಾತ್ರ ಸ್ಪಷ್ಟವಾಗಿ ನಿಜವಾದ ಗ್ಯಾಂಗ್‌ಸ್ಟರ್ ಮೇಯರ್ ಲ್ಯಾನ್ಸ್ಕಿಯನ್ನು ನೋಡಿ ಮಾಡಿದ ಪಾತ್ರ. ಆಶ್ರಯ ಕೇಳಿ ಇಸ್ರೇಲಿಗೆ ಹೋಗುವುದು, ಅಲ್ಲಿ ಸೇರಿಸದೆ ಕಳಿಸುವುದು ಲ್ಯಾನ್ಸ್ಕಿಗೂ ಆದದ್ದೇ. 1957ರ ನವೆಂಬರ್ 14ರಂದು ನ್ಯೂಯಾರ್ಕ್ ರಾಜ್ಯದ ಅಪಲೇಕಿನ್ ಎಂಬ ಸಣ್ಣ ಊರಿನ ಮನೆಯೊಂದರಲ್ಲಿ ಇಂಥ ಮಹಾಸಭೆ ನಡೆಯುವಾಗ ಪೊಲೀಸರು ಮುತ್ತಿ, ಸೂಟು ಹಾಕಿದ ಡಾನ್‌ಗಳು ಕಾಡಿಗೆ ಓಡಿದರು. 60ಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು.

ನಾನೂ ಇಂಥದ್ದೊಂದು ಕಥೆ ಬರೀತಿದ್ದೀನಿ. ಮೈತ್ರಿ, ದ್ರೋಹ ಎಲ್ಲಾ ಹೇಗೆ ಹೆಣೆಯೋದು?

ಮೊದಲು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಎಡಗಡೆ ಕುಟುಂಬಗಳು, ಮೂರೋ ನಾಲ್ಕೋ ಸಾಕು, ಐದಾದರೆ ಎರಡು ಬರೀ ಹೆಸರಾಗಿ ಉಳಿಯುತ್ತವೆ, ಪೂಜೊಗೂ ಹಾಗೇ ಆಯಿತು. ಮೇಲ್ಗಡೆ ನಾಲ್ಕು ಖಾನೆ: ದುಡ್ಡು, ಜನ, ಪೊಲೀಸ್ ಮತ್ತು ಕೋರ್ಟು, ರಕ್ತಸಂಬಂಧ. ಪ್ರತಿ ಕುಟುಂಬಕ್ಕೂ ಒಂದು ಖಾನೆ ತುಂಬಿರಲಿ, ಒಂದು ಖಾಲಿ ಇರಲಿ. ಎಲ್ಲಿ ಒಬ್ಬನ ಖಾಲಿ ಇನ್ನೊಬ್ಬನ ತುಂಬಿದ್ದಕ್ಕೆ ಹೊಂದುತ್ತದೋ ಅಲ್ಲಿ ಮೈತ್ರಿ ಹುಟ್ಟುತ್ತದೆ. ಇಬ್ಬರಿಗೂ ಒಂದೇ ಖಾನೆ ಖಾಲಿ ಇದ್ದರೆ ಅಲ್ಲಿ ಯುದ್ಧ.

ಆಮೇಲೆ ಗುಟ್ಟಿನ ಮೈತ್ರಿ ಒಂದನ್ನು ಆರಿಸಿ, ಅದು ಹೊರಗೆ ಇಣುಕುವ ಜಾಗ ಮೂರು ಇಡಿ. ಮೊದಲನೆಯದು ಯಾರ ಗಮನಕ್ಕೂ ಬಾರದಷ್ಟು ಸಣ್ಣದು, ಬಾರ್ಜಿನಿಯ ಫೋಟೋ ರೀಲಿನ ಹಾಗೆ. ಎರಡನೆಯದು ಓದುಗರಿಗೆ ಕಂಡರೂ ತಪ್ಪು ಅರ್ಥ ಕೊಡುವಂಥದ್ದು. ಮೂರನೆಯದು ಒಬ್ಬ ಪಾತ್ರ ಕಂಡುಹಿಡಿಯುವಂಥದ್ದು. ಹೊಸಬರ ಬರವಣಿಗೆ ಇಲ್ಲೇ ಕೆಡುವುದು. ಗುಟ್ಟನ್ನು ಒಬ್ಬ ಗೂಢಚಾರ ಬಂದು ಹೇಳಿಬಿಡುತ್ತಾನೆ, ಅಥವಾ ಖಳನಾಯಕ ತಾನೇ ಒದರುತ್ತಾನೆ. ಆಗ ಓದುಗರು ಹಿಂದಿನ ಪುಟಕ್ಕೆ ತಿರುಗಿ ನೋಡುವ ಕೆಲಸವೇ ಉಳಿಯುವುದಿಲ್ಲ.

ದ್ರೋಹಿಗೆ ದುರಾಸೆಯೊಂದನ್ನೇ ಕಾರಣ ಮಾಡಬೇಡಿ. ಕಾರ್ಲೊಗೆ ಅವಮಾನ, ಟೆಸ್ಸಿಯೋಗೆ ಭಯದ ಲೆಕ್ಕ, ಫ್ರೆಡೊಗೆ ಹಿರಿಯನ ಸ್ಥಾನ ಸಿಗದ ನೋವು. ಮೂವರೂ ಒಳಗಿನವರೇ, ಮೂವರ ಕಾರಣವೂ ಬೇರೆ. ನಿಮ್ಮ ದ್ರೋಹಿ ಸಿಕ್ಕಿಬೀಳುವ ಪುಟದಲ್ಲಿ ಓದುಗರಿಗೆ ಅವನ ಕಡೆಯ ನ್ಯಾಯವೂ ಕಾಣಬೇಕು. ಕಾಣದಿದ್ದರೆ ಹಿಂದಕ್ಕೆ ಹೋಗಿ, ಅವನಿಗೆ ಕುಟುಂಬ ಏನನ್ನು ಕೊಡಲಿಲ್ಲ ಎನ್ನುವ ಒಂದು ದೃಶ್ಯವನ್ನು ಮೊದಲ ಮೂವತ್ತು ಪುಟದೊಳಗೆ ಬರೆದು ಬನ್ನಿ.